ಪುಟ್ಟನ ಜ್ವರ ಬಿಟ್ಟಿತು ಅಂದೆಯಲ್ಲ, ಅದಕ್ಕೇ ಈ ಪತ್ರ

ಸಿಂಗಾಪುರ
ಮಂಗಳವಾರ ರಾತ್ರಿ

ಪ್ರೀತಿಯ ಅಮ್ಮ,

ಫೋನ್ ಮಧ್ಯದಲ್ಲೇ ಕಟ್ ಆಯಿತು. ಕಟಪಾಡಿಯಲ್ಲಿ ಮಳೆ ಜೋರಿರಬೇಕು. ಬರೆದು, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ಅತ್ತಿಗೆ ಓದಿ ಹೇಳಲಿ.

ಪುಟ್ಟನಿಗೆ ಜ್ವರ ಬಿಟ್ಟಿದೆ, ನಾಳೆ ಶಾಲೆಗೆ ಹೋಗ್ತಾನೆ ಅಂದೆಯಲ್ಲ, ನನ್ನ ಎದೆ ಧಸಕ್ಕೆಂದಿತು. ಡೆಂಗಿಯ ಮೋಸ ಇರುವುದೇ ಅಲ್ಲಿ. ಹೋದ ವರ್ಷ ನನಗೆ ಬಂದಾಗ ನಿನಗೆ ಪೂರ್ತಿ ಹೇಳಲಿಲ್ಲ, ಸುಮ್ನೆ ಹೆದರುತ್ತೀ ಅಂತ. ನಾಲ್ಕನೇ ದಿನ ಜ್ವರ ಇಳಿಯಿತು. ಸ್ನಾನ ಮಾಡಿ ಆಫೀಸಿಗೆ ಹೋದೆ. ಸಂಜೆಯೊಳಗೆ ಹೊಟ್ಟೆ ಹಿಂಡುವ ನೋವು, ವಾಂತಿ ಮೇಲೆ ವಾಂತಿ. ರಾತ್ರಿ ಆಸ್ಪತ್ರೆಗೆ ಸೇರಿಸಿಕೊಂಡರು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯ ಅಂತ ಡಾಕ್ಟರು ಆಗ ಹೇಳಿದರು. ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದಂತೆ. ರಕ್ತ ಗಟ್ಟಿಯಾಗಿ ಬಿಪಿ ಕುಸಿಯುತ್ತದಂತೆ.

ಇನ್ನು 48 ಗಂಟೆ ಅವನ ಮೇಲೆ ಕಣ್ಣಿಡಿ. ಹೊಟ್ಟೆ ನೋವು ಅಂದರೆ ಗ್ಯಾಸ್ ಅಂತ ಓಮದ ನೀರು ಕೊಟ್ಟು ಕೂರಬೇಡ. ಒಂದೇ ದಿನ 3 ಸಲ ವಾಂತಿ, ಒಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ಇದರಲ್ಲಿ ಒಂದು ಕಂಡರೂ ಸಾಕು. ಮತ್ತೆ ಆ ಪೋಕರಿ ಮೊಬೈಲನ್ನೂ ಕೇಳದೆ ಮಂಕಾಗಿ ಮಲಗಿದರೆ, ಇಲ್ಲವೇ ಕಾರಣವಿಲ್ಲದೆ ಹೊರಳಾಡಿ ರಗಳೆ ಮಾಡಿದರೆ, ಅದೂ ಲಕ್ಷಣವೇ. ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಅಜ್ಜರಕಾಡು ಜಿಲ್ಲಾಸ್ಪತ್ರೆಗೆ ರಿಕ್ಷಾ ಮಾಡಿ.

ಅಣ್ಣ ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳ್ತಾನೆ. ಅದೇ ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಪ್ಲೇಟ್‌ಲೆಟ್ ಸರ್ರನೆ ಇಳಿಯುವಾಗ ಅದು ಏರುತ್ತಿದ್ದರೆ ರಕ್ತ ಗಟ್ಟಿಯಾಗುತ್ತಿದೆ ಅಂತ ಅರ್ಥ. ನಾಳೆ ಮತ್ತೆ ರಕ್ತ ಪರೀಕ್ಷೆ ಮಾಡಿಸಲಿ.

ಪಕ್ಕದ ಮನೆಯವರು ಕೊಟ್ಟ ಪಪ್ಪಾಯಿ ಎಲೆಯ ರಸ ಬೇಡ ಅಮ್ಮ. ಆ ಕಹಿಗೇ ವಾಂತಿ ಬಂದರೆ, ಅದು ರಸದ್ದೋ ಡೆಂಗಿಯದ್ದೋ ಗೊತ್ತಾಗುವುದು ಹೇಗೆ? ಗಂಜಿ ತಿಳಿ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕೊಡ್ತಾ ಇರು. ಮೈಕೈ ನೋವು ಅಂದರೆ ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ. ಅಪ್ಪನ ಡಬ್ಬಿಯ ನೋವಿನ ಮಾತ್ರೆ ಮುಟ್ಟಬೇಡಿ. ಆಸ್ಪಿರಿನ್, ಐಬುಪ್ರೊಫೇನ್‌ನಿಂದ ರಕ್ತಸ್ರಾವ ಜಾಸ್ತಿಯಾಗಬಹುದು.

ಕೊಟ್ಟಿಗೆ ಹಿಂದೆ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ ಎಲ್ಲ ಅಣ್ಣ ಇವತ್ತೇ ಕವುಚಿ ಹಾಕಲಿ. ಇಲ್ಲಿ ಒಂದೇ ಕಡೆ 10 ಡೆಂಗಿ ಕೇಸ್ ಆದರೆ ಎಚ್ಚರಿಸಲು ಬೀದಿಗೆ ಕೆಂಪು ಬ್ಯಾನರ್ ಕಟ್ಟುತ್ತಾರೆ. ನಮ್ಮಲ್ಲಿ ಹಾಳೆಯ ನೀರಿನಲ್ಲಿ ಸೊಳ್ಳೆ ಹುಳ ಕುಣಿಯುವುದನ್ನು ನೋಡಿಯೂ ದಾಟಿ ಹೋಗ್ತೇವೆ, ಅಲ್ವಾ?

ಪುಟ್ಟ ಎಷ್ಟು ಹೊತ್ತಿಗೆ ಮೂತ್ರ ಮಾಡಿದ ಅಂತ ಅತ್ತಿಗೆ ಮೆಸೇಜ್ ಹಾಕಲಿ. 6 ಗಂಟೆ ಆದರೂ ಮಾಡದಿದ್ದರೆ ಹೊರಡಿ. ಇಲ್ಲಿ ಗಡಿಯಾರ ಎರಡೂವರೆ ಗಂಟೆ ಮುಂದಿದೆ. ಪರವಾಗಿಲ್ಲ, ನಾನು ಎದ್ದಿರುತ್ತೇನೆ.

ನಿನ್ನ ಮಗಳು