ಅಕ್ಕಿ ಡಬ್ಬಿಯ ಹುಳ

ಪುಟ್ಟಿ,

ನೀನು ಹೊರಟುಹೋದ ಮೇಲೆ ಅಜ್ಜಿ ಎರಡು ದಿನ ಸರಿಯಾಗಿ ಮಾತೇ ಆಡಲಿಲ್ಲ. "ದೇವರು ಹುಟ್ಟಿಸಿದ ಅನ್ನೋದೆಲ್ಲ ಕಟ್ಟುಕಥೆ" ಅಂತ ಊಟದ ಹೊತ್ತಲ್ಲಿ ಅಷ್ಟು ಜೋರಾಗಿ ಹೇಳಬೇಕಿತ್ತಾ? ಬೈಯೋಕೆ ಬರೆಯುತ್ತಿಲ್ಲ. ಮೂರನೇ ದಿನ ಒಂದು ತಮಾಷೆ ಆಯಿತು, ಅದನ್ನು ಹೇಳಬೇಕು.

ಅಕ್ಕಿ ಡಬ್ಬಿ ತೆಗೆದರೆ ಹುಳ. ಬಿಗಿಯಾಗಿ ಮುಚ್ಚಳ ಹಾಕಿಟ್ಟಿದ್ದ ಡಬ್ಬಿ. ಅಜ್ಜಿ ಮೊರಕ್ಕೆ ಸುರಿದುಕೊಂಡು ಆರಿಸುತ್ತಾ, "ಇವು ಎಲ್ಲಿಂದಲೂ ಬರಲ್ಲ ಕಣಮ್ಮ, ಸೆಕೆಗೆ ತಾವೇ ಹುಟ್ಟುತ್ತವೆ" ಅಂದರು. ಅದು ಅಜ್ಜಿ ಸುಮ್ನೆ ಅಂದ ಮಾತಲ್ಲ. ನಮ್ಮ ಹಳೆಯ ಶಾಸ್ತ್ರಗಳು ಜೀವಿಗಳನ್ನು ನಾಲ್ಕು ಬಗೆ ಮಾಡುತ್ತವೆ. ಗರ್ಭದಿಂದ ಬಂದವು, ಮೊಟ್ಟೆಯಿಂದ ಬಂದವು, ನೆಲ ಸೀಳಿ ಬಂದವು, ಮತ್ತೆ ಸ್ವೇದಜ, ಅಂದರೆ ಬೆವರು ಸೆಕೆಯಿಂದ ಹುಟ್ಟಿದವು. ಹೇನು, ಸೊಳ್ಳೆ ಎಲ್ಲ ಈ ಕೊನೇ ಗುಂಪು. ಗ್ರೀಸಿನ ಅರಿಸ್ಟಾಟಲ್ ಕೂಡ ಹೆಚ್ಚುಕಡಿಮೆ ಹೀಗೇ ನಂಬಿದ್ದ.

ನಾನು ಒಂದು ಕಾಳು ಆರಿಸಿ, ನಿನ್ನ ಹಳೆಯ ಭೂತಗನ್ನಡಿ ಜೊತೆ ಅಜ್ಜಿ ಕೈಗೆ ಕೊಟ್ಟೆ. ಕಾಳಲ್ಲಿ ಒಂದು ಪುಟ್ಟ ತೂತು, ಹುಳ ಹೊರಬಂದ ದಾರಿ. ಹೆಣ್ಣು ಹುಳ ಸೊಂಡಿಲಿನಂಥ ಮೂತಿಯಿಂದ ಅಕ್ಕಿ ಕೊರೆದು, ಒಳಗೊಂದು ಮೊಟ್ಟೆ ಇಟ್ಟು, ಅಂಟಿನಂಥ ರಸದಿಂದ ಬಾಯಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಸುಮಾರು ಒಂದು ತಿಂಗಳಿಗೆ ಹುಳವಾಗಿ ಆಚೆ ಬರುತ್ತದೆ. ಮುಚ್ಚಳ ಎಷ್ಟು ಬಿಗಿಯಿದ್ದರೇನು, ಮೊಟ್ಟೆ ಅಂಗಡಿಯಿಂದಲೇ ಬಂದಿರುತ್ತೆ ಅಲ್ವಾ!

ಅಜ್ಜಿ ತುಂಬಾ ಹೊತ್ತು ನೋಡಿದರು. ಆಮೇಲೆ, "ಸರಿ, ಈ ಹುಳ ಮೊಟ್ಟೆಯಿಂದ ಬಂತು. ಮೊಟ್ಟೆ ಇಟ್ಟಿದ್ದು ಇನ್ನೊಂದು ಹುಳ. ಹಾಗಾದರೆ ಮೊಟ್ಟಮೊದಲನೇದು?" ಅಂದರು.

ಜೀವ ತಾನಾಗೇ ಹುಟ್ಟುತ್ತಾ ಅನ್ನೋ ಪ್ರಶ್ನೆಗೆ 1860ರ ದಶಕದಲ್ಲಿ ಪ್ಯಾರಿಸ್ಸಿನ ಪಂಡಿತರು ಕಿತ್ತಾಡಿದ್ದರು. ಲೂಯಿ ಪಾಶ್ಚರ್ ಹಂಸದ ಕತ್ತಿನ ಹಾಗೆ ಬಾಗಿದ ಗಾಜಿನ ಬುರುಡೆಯಲ್ಲಿ ಸಾರು ಕುದಿಸಿಟ್ಟ. ಗಾಳಿ ಒಳಗೆ ಹೋಗುತ್ತದೆ, ಸೂಕ್ಷ್ಮಜೀವಿಗಳನ್ನು ಹೊತ್ತ ಧೂಳು ಕತ್ತಿನಲ್ಲೇ ಉಳಿಯುತ್ತದೆ. ಸಾರು ಕೆಡಲಿಲ್ಲ. ಕತ್ತು ಮುರಿದರೆ ಕೆಲವೇ ದಿನಕ್ಕೆ ಕೆಟ್ಟಿತು. ಇದಕ್ಕೆ ಜಾಸ್ತಿ ಖುಷಿಪಟ್ಟವರು ಯಾರು ಗೊತ್ತಾ? ದೇವರನ್ನು ನಂಬುವವರು! ಜಡದಿಂದ ಜೀವ ತಾನಾಗಿ ಹುಟ್ಟಲ್ಲ ಅಂದಮೇಲೆ ಸೃಷ್ಟಿಕರ್ತ ಬೇಕೇ ಬೇಕಲ್ಲ. 1864ರಲ್ಲಿ ಪ್ಯಾರಿಸ್ಸಿನ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಪಾಶ್ಚರ್ ತಾನೇ ಈ ವಿಷಯ ಎತ್ತಿದ್ದ. ಅಂದರೆ ಅಜ್ಜಿಯ ಸ್ವೇದಜ ಆಗ ಅಲ್ಲಿ ನಾಸ್ತಿಕರ ಪಕ್ಷದಲ್ಲಿತ್ತು!

ಆಮೇಲೆ 1929ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಹಾಲ್ಡೇನ್, ಆದಿಯ ಕಡಲು ಬಿಸಿಬಿಸಿ ತೆಳು ಸೂಪಿನಂತೆ ಇದ್ದಿರಬೇಕು, ಜೀವ ಶುರುವಾಗಿದ್ದು ಅದರಲ್ಲೇ ಅಂದ. ನಮ್ಮ ಲೆಕ್ಕದಲ್ಲಿ ತಿಳಿಸಾರು. (ಈ ಮನುಷ್ಯ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದ.) 1953ರಲ್ಲಿ ಪ್ರಕಟವಾದ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗ ನೀನೇ ಓದಿದ್ದೀಯ. ನೀರು, ಮೀಥೇನ್, ಅಮೋನಿಯಾ, ಹೈಡ್ರೋಜನ್ ಇದ್ದ ಬುರುಡೆಯಲ್ಲಿ ಒಂದು ವಾರ ಕಿಡಿ ಹಾರಿಸಿದರೆ, ಜೀವಿಗಳ ಪ್ರೋಟೀನಿಗೆ ಇಟ್ಟಿಗೆಯಂತಿರುವ ಅಮೈನೋ ಆಮ್ಲ ಸಿಕ್ಕಿತು. ದೊಡ್ಡ ವಿಷಯವೇ. ಆದರೆ ಸೈಟಿನಲ್ಲಿ ಇಟ್ಟಿಗೆ ಇಳಿಸಿದ ದಿನವೇ ಗೃಹಪ್ರವೇಶ ಮಾಡೋಕಾಗುತ್ತಾ?

ಜೀವಿಗಳು ಬದಲಾಗುತ್ತಾ ಬಂದವು ಅನ್ನೋದಕ್ಕೆ ರಾಶಿ ಸಾಕ್ಷಿ ಇದೆ, ಅದರಲ್ಲಿ ನಾನು ನಿನ್ನ ಕಡೆ. ದಶಾವತಾರವೇ ಡಾರ್ವಿನ್ ಸಿದ್ಧಾಂತ ಅಂತ ಚಿಕ್ಕಪ್ಪ ಹೇಳಿದ್ದು ನನಗೂ ಒಪ್ಪಿಗೆಯಿಲ್ಲ. ಆಮೆಯಿಂದ ಹಂದಿ ಬಂದಿಲ್ಲ. ಆದರೆ ಮೊದಲ ಜೀವಕೋಶ ಹೇಗಾಯಿತು ಅನ್ನೋದು ಬೇರೆ ಪ್ರಶ್ನೆ.

ಅದಕ್ಕೇ ಅಜ್ಜಿಗೆ, "ಗೊತ್ತಿಲ್ಲ ಅತ್ತೆ, ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ, ಹುಡುಕುತ್ತಾ ಇದ್ದಾರೆ" ಅಂದೆ.

ಅಜ್ಜಿ ಕನ್ನಡಿ ಕೆಳಗಿಟ್ಟು, "ಪುಟ್ಟಿ ಹಾಗೆ ಹೇಳಲಿಲ್ಲವಲ್ಲ" ಅಂದರು.

ಭಾನುವಾರ ನೀನೇ ಅವರಿಗೆ ಫೋನ್ ಮಾಡು. ಐದು ಕೇಜಿ ಅಕ್ಕಿ ಕಳಿಸುತ್ತಿದ್ದೇನೆ. ಡಬ್ಬಿಗೆ ಹಾಕುವ ಮೊದಲು ಒಂದು ವಾರ ಫ್ರೀಜರಿನಲ್ಲಿಡು, ಮೊಟ್ಟೆ ಸಾಯುತ್ತವೆ. ಅಜ್ಜಿ ಒಣಗಿಸಿದ ಬೇವಿನ ಸೊಪ್ಪು ಕಟ್ಟಿಕೊಟ್ಟಿದ್ದಾರೆ, ಅದನ್ನೂ ಹಾಕು.

ನಿನ್ನ
ಅಮ್ಮ