ಮನೆಯ ಹಿಂದಿನ ಬರೆಗೆ ಯಾರು ಹೊಣೆ?

ಮಾನ್ಯ ಸಂಪಾದಕರೇ,

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಮದೆನಾಡು, ಜೋಡುಪಾಲ ಭಾಗಗಳಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗಾಗಿ ಸರ್ಕಾರ ಕರ್ಣಂಗೇರಿ, ಮದೆನಾಡು, ಜಂಬೂರು ಮೊದಲಾದೆಡೆ ಬಡಾವಣೆಗಳನ್ನು ನಿರ್ಮಿಸಿತು. ಅಂಥದೊಂದು ಬಡಾವಣೆಯಲ್ಲಿ ಎರಡು ಮಲಗುವ ಕೋಣೆಗಳ ಮನೆ ಪಡೆದ ಕುಟುಂಬ ನಮ್ಮದು. ಅದಕ್ಕೆ ಋಣಿಗಳಾಗಿದ್ದೇವೆ, ಗೋಡೆ ಗಟ್ಟಿಯಾಗಿಯೇ ಇದೆ. ನನ್ನ ತಕರಾರು ಮನೆಯ ಹಿಂದಿರುವ ಬರೆಯದು, ಅಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆಯದು.

ನಮ್ಮ ಅಡುಗೆಕೋಣೆಯ ಕಿಟಕಿಯಿಂದ ಹತ್ತು ಅಡಿ ಆಚೆಗೆ, ನಿವೇಶನ ಸಮತಟ್ಟು ಮಾಡುವಾಗ ಜೆಸಿಬಿಯಿಂದ ನೆಟ್ಟಗೆ ಕಡಿದ ಬರೆ ಇಂದಿಗೂ ಹಾಗೆಯೇ ನಿಂತಿದೆ. ಬುಡದಲ್ಲಿ ಮೊಣಕಾಲೆತ್ತರದ ಕಲ್ಲುಗೋಡೆ, ಅದರ ಮುಂದೆ ಒಂದು ಮೊಳ ಅಗಲದ ಚರಂಡಿ. ಕಳೆದ ಮಳೆಗಾಲದ ಒಂದು ರಾತ್ರಿ ಮೇಲಿನ ಮಣ್ಣು ಜಾರಿ ಚರಂಡಿ ಮುಚ್ಚಿಹೋಗಿ, ಕೆಂಪು ನೀರು ಹಿಂಬಾಗಿಲ ಹೊಸ್ತಿಲು ದಾಟಿ ಒಲೆಯವರೆಗೂ ಬಂದಿತು. ಗುಡ್ಡ ಕುಸಿದ ಊರಿನಿಂದ ಎದ್ದು ಬಂದವರಿಗೆ ಕತ್ತಲಲ್ಲಿ ಮಣ್ಣು ಜಾರುವ ಸದ್ದು ಕೇಳಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ತಾಯಿ ಬೆಳಗಾಗುವವರೆಗೂ ಎದುರಿನ ರಸ್ತೆಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಮರುದಿನ ದೂರು ಕೊಡಲು ಹೋದರೆ, ಬಡಾವಣೆ ತಮಗಿನ್ನೂ ಹಸ್ತಾಂತರವಾಗಿಲ್ಲವೆಂದು ಒಂದು ಕಚೇರಿಯವರೂ, ಕಟ್ಟಿಕೊಟ್ಟಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಇನ್ನೊಂದು ಕಚೇರಿಯವರೂ ಹೇಳಿ ಕಳುಹಿಸಿದರು.

2018ರ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಅತಿಮಳೆಯ ಜೊತೆಗೆ, ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದದ್ದನ್ನೂ ಕಾರಣವೆಂದು ಗುರುತಿಸಿದ್ದರು. ಅದೇ ಕುಸಿತದ ಸಂತ್ರಸ್ತರಿಗೆ ಮನೆ ಕಟ್ಟುವಾಗಲೂ ಇಳಿಜಾರನ್ನು ಹಾಗೆಯೇ ಕಡಿದು ಬಿಟ್ಟರೆ ಏನೆನ್ನಬೇಕು? ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಮೇಲಿನಿಂದ ಹರಿದು ಬರುವ ನೀರು ಮಣ್ಣಿಗೆ ಇಳಿಯುವ ಮೊದಲೇ ಬೇರೆಡೆಗೆ ಹೋಗುವಂತೆ ಅದರ ನೆತ್ತಿಯಲ್ಲೊಂದು ಚರಂಡಿ ತೆಗೆದು, ಮೈಗೆ ಲಾವಂಚ ನೆಟ್ಟು, ತಡೆಗೋಡೆಯಲ್ಲಿ ನೀರು ಸೋರಿಹೋಗಲು ಸಾಲಾಗಿ ಪೈಪು ಇಡಬೇಕು. ಪೈಪಿಲ್ಲದ ಗೋಡೆ ಎಷ್ಟು ದಪ್ಪವಿದ್ದರೂ ಹಿಂದೆ ನೀರು ತುಂಬಿದಾಗ ಹೊಟ್ಟೆ ಉಬ್ಬಿ ಬೀಳುತ್ತದೆ. ಬರೆಗೆ ಪ್ಲಾಸ್ಟಿಕ್ ಹೊದಿಸುವ ನಮ್ಮ ಜಿಲ್ಲೆಯ ವಾಡಿಕೆ ಒಂದು ಮಳೆಗಾಲ ದೂಡುವುದಕ್ಕೆ ಸರಿ, ಅಷ್ಟೇ.

ಕೊಡಗಿನ ಮಳೆಗೆ ಇಳಿಜಾರು ಚಾವಣಿ, ಮುಂಚಾಚಿದ ಸೂರು, ಸೌದೆ ಒಟ್ಟಲು ಒಂದಿಷ್ಟು ಜಾಗ ಬೇಕೆಂಬುದು ಬೇರೆಯೇ ವಿಷಯ. ಅನೇಕರು ತಾರಸಿಯ ಮೇಲೆ ತಗಡು ಹಾಕಿಸಿಕೊಂಡು ಅದನ್ನು ತಾವೇ ಸರಿಪಡಿಸಿಕೊಂಡಿದ್ದಾರೆ. ಬರೆಯನ್ನು ಹಾಗೆ ಒಬ್ಬೊಬ್ಬರೇ ಸರಿಪಡಿಸಿಕೊಳ್ಳಲಾಗದು.

2019ರ ಪ್ರವಾಹದಲ್ಲಿ ಕಾವೇರಿ ದಡದ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ನೆಲೆ ಕಳೆದುಕೊಂಡವರಿಗೆ ಎತ್ತರದ ಜಾಗದಲ್ಲಿ ಮನೆ ಕಟ್ಟುವಾಗಲಾದರೂ ಮೊದಲು ಬರೆ, ಆಮೇಲೆ ಗೋಡೆ ಎಂಬ ಕ್ರಮವಿರಲಿ. ಈಗಾಗಲೇ ಜನ ವಾಸವಿರುವ ಬಡಾವಣೆಗಳ ಬರೆ ಮತ್ತು ಚರಂಡಿಗಳ ನಿರ್ವಹಣೆ ಯಾವ ಇಲಾಖೆಯದೆಂದು ಜಿಲ್ಲಾಡಳಿತ ಲಿಖಿತವಾಗಿ ತಿಳಿಸಿ, ಮುಂಗಾರಿಗೆ ಮುನ್ನ, ಮೇ ತಿಂಗಳೊಳಗೆ, ಒಮ್ಮೆ ಸ್ಥಳ ಪರಿಶೀಲನೆ ಮಾಡಿಸಬೇಕೆಂದು ಕೋರುತ್ತೇನೆ. ಮನೆ ಹಿಂದಿನ ಚರಂಡಿಯ ಮಣ್ಣನ್ನು ಗುದ್ದಲಿ ಹಿಡಿದು ನಾವೇ ತೆಗೆದುಕೊಳ್ಳುತ್ತೇವೆ. ಬರೆಯ ಮೇಲಿನ ಪೈಸಾರಿ (ಸರ್ಕಾರಿ) ಜಾಗದಲ್ಲಿ ಗುದ್ದಲಿ ಹಾಕುವ ಅಧಿಕಾರ ನಮಗಿಲ್ಲ.

– ಪುನರ್ವಸತಿ ಬಡಾವಣೆಯ ನಿವಾಸಿ, ಮಡಿಕೇರಿ ತಾಲ್ಲೂಕು