ನಮ್ಮ ಗ್ಯಾರೇಜಿನ ಗ್ರಾಹಕರಿಗೆ: ಮುಂದಿನ ಸೀಸನ್‌ಗೆ ಟೀಮಿನಲ್ಲಿ ಇಬ್ಬರೇ ಹುಡುಗರು

ಕಲಬುರಗಿ,
ದಸರಾ ಮುಗಿದ ಮರುವಾರ

ನಮ್ಮಲ್ಲಿಗೆ ಗಾಡಿ ತರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ, ಕಾಕಾಗಳಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಮ್ಮ ಮೋಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್) ಟೀಮಿನಲ್ಲಿ ಈ ವರ್ಷ ನಾಲ್ಕು ಹುಡುಗರಿದ್ದರು. ಮುಂದಿನ ಸೀಸನ್‌ಗೆ ಇಬ್ಬರೇ ಇರುತ್ತಾರೆ. ಪ್ರತಿ ಸರ್ವಿಸ್ ಬಿಲ್ಲಿನಲ್ಲಿ ಟೀಮಿಗೆಂದು ಹಿಡಿಯುತ್ತಿದ್ದ 30 ರೂಪಾಯಿಯನ್ನು ನವೆಂಬರ್ 1ರಿಂದ ಹಿಡಿಯುವುದಿಲ್ಲ.

ಹತ್ತು ದಿನದಿಂದ ಗ್ಯಾರೇಜಿಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದೀರಿ. "ಗೆಲ್ಲೋ ಹುಡುಗನ್ನ ಬಿಟ್ಟು, ಮೊಣಕಾಲಿಗೆ ಪಟ್ಟಿ ಕಟ್ಕೊಂಡು ಕುಂತವನನ್ನ ಯಾಕೆ ಇಟ್ಕೊಂಡ್ರಿ?" ಕೆಲವರು ಸಿಟ್ಟಿನಿಂದಲೇ ಕೇಳಿದಿರಿ. ಕೇಳುವ ಹಕ್ಕು ನಿಮಗಿದೆ. ಆ ಹುಡುಗರ ಟಯರಿನಲ್ಲಿ, ಚೈನಿನಲ್ಲಿ, ಊಟದಲ್ಲಿ ನಿಮ್ಮ ದುಡ್ಡಿದೆ. ಇಂಜಿನ್ ಬಿಚ್ಚಿಕೊಂಡು ಕೂತಾಗ ಒಬ್ಬೊಬ್ಬರಿಗೂ ಪೂರ್ತಿ ಹೇಳುವುದಕ್ಕೆ ಆಗಲಿಲ್ಲ. ಅದಕ್ಕೇ ಈ ಪತ್ರ.

ಹುಡುಗರ ಹೆಸರು ಬರೆಯುತ್ತಿಲ್ಲ. ಹಿರಿಯವನು, ನಡುವಿನವನು, ಸಣ್ಣವನು, ಬಿ.ಕಾಂ. ಹುಡುಗ ಎಂದರೆ ನಿಮಗೆ ತಿಳಿಯುತ್ತದೆ, ಅಷ್ಟು ಸಾಕು.

ನಮ್ಮ ಹತ್ತಿರ ಇರುವುದು ಎರಡೇ ರೇಸ್ ಗಾಡಿ. ನಾಲ್ವರೂ ಪಾಳಿ ಹಚ್ಚಿ ಓಡಿಸುತ್ತಿದ್ದರು. ಒಬ್ಬ ಟ್ರ್ಯಾಕಿನಲ್ಲಿದ್ದರೆ ಇನ್ನೊಬ್ಬ ಹೆಲ್ಮೆಟ್ ಹಿಡಿದು ಬಿಸಿಲಿನಲ್ಲಿ ನಿಂತಿರುತ್ತಿದ್ದ. ಹೀಗಾಗಿ ಯಾರಿಗೂ ಬೇಕಾದಷ್ಟು ಪ್ರಾಕ್ಟೀಸ್ ಸಿಗಲಿಲ್ಲ. ಇದು ಎರಡು ವರ್ಷದ ಹಿಂದೆಯೇ ನನಗೆ ಕಾಣುತ್ತಿತ್ತು. ಯಾರನ್ನೂ ಬೇಡ ಎನ್ನಲು ಮನಸ್ಸು ಬರದೆ ಮುಂದೆ ಹಾಕುತ್ತಾ ಬಂದೆ. ಅದು ನನ್ನ ತಪ್ಪು.

ಮೂರನೇ ಗಾಡಿ ತಗೊಳ್ಳಿ ಎಂದು ಕೆಲವರು ಹೇಳಿದಿರಿ. ತಗೊಳ್ಳುವುದಕ್ಕಿಂತ ಅದನ್ನು ಸಾಕುವುದು ಕಷ್ಟ. ನಿಮ್ಮ ಗಾಡಿಗೆ ನಾವು ಕಿಲೋಮೀಟರ್ ನೋಡಿ ಆಯಿಲ್ ಬದಲಿಸುತ್ತೇವೆ. ರೇಸ್ ಗಾಡಿಗೆ ಗಂಟೆ ಲೆಕ್ಕ. ಇಂಜಿನ್ ಎಷ್ಟು ಗಂಟೆ ಓಡಿತು ಎಂದು ಬರೆದಿಟ್ಟು, ಅದರ ಮೇಲೆ ಆಯಿಲ್, ಪಿಸ್ಟನ್, ರಿಂಗ್ ಬದಲಿಸಬೇಕು. ಏರ್ ಫಿಲ್ಟರ್ ಅಂತೂ ಓಡಿಸಿದ ಪ್ರತಿ ಸಲವೂ ತೊಳೆಯಬೇಕು. ನಮ್ಮ ಎರೆ ಮಣ್ಣಿನ ಧೂಳು ಹೇಗಿರುತ್ತದೆ ನಿಮಗೆ ಗೊತ್ತಲ್ವಾ? ಬೇಸಿಗೆಯಲ್ಲಿ ಅರ್ಧ ತಾಸು ಓಡಿ ಬಂದ ಗಾಡಿಯ ಫಿಲ್ಟರ್ ಹೊರಗೆ ತೆಗೆದರೆ, ಆಯಿಲ್ ಜೊತೆ ಧೂಳು ಕಲೆತು ಕಾಡಿಗೆಯ ಹಾಗೆ ಬೆರಳಿಗೆ ಅಂಟುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಮಡ್‌ಗಾರ್ಡ್ ಮತ್ತು ಟಯರಿನ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗುವುದಿಲ್ಲ. ಆಗ ಮುರಂ ನೆಲ ಹುಡುಕಿಕೊಂಡು ಶಹಾಬಾದ್ ಕಡೆ ಹೋಗುತ್ತೇವೆ. ಅಲ್ಲಿನ ಕಲ್ಲಿನ ಚೂರು ಟಯರನ್ನು ತಿಂದುಹಾಕುತ್ತದೆ. ಇದರ ಮೇಲೆ ಎಂಟ್ರಿ ಫೀ, ವರ್ಷ ವರ್ಷ ಮಾಡಿಸಬೇಕಾದ ದೇಶದ ಮೋಟಾರ್ ರೇಸ್ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐ ಲೈಸೆನ್ಸ್, ಪುಣೆ, ಬೆಂಗಳೂರಿಗೆ ಪಿಕಪ್ ಬಾಡಿಗೆ.

ಹಾಗಾದರೆ ಇಬ್ಬರು ಯಾರು? ಹುಡುಗರ ಲ್ಯಾಪ್ ಟೈಮ್ (ಟ್ರ್ಯಾಕಿನ ಒಂದು ಸುತ್ತಿಗೆ ಹಿಡಿದ ಸಮಯ) ಬರೆದ ನೋಟ್‌ಬುಕ್ ಮುಂದೆ ಇಟ್ಟುಕೊಂಡು ನಾನು, ನಮ್ಮ ಹಿರಿಯ ಮಿಸ್ತ್ರಿ ಮೂರು ರಾತ್ರಿ ಕೂತೆವು.

ಆ ನೋಟ್‌ಬುಕ್ಕಿನ ಒಂದು ಪುಟ ನಿಮಗೂ ತೋರಿಸುತ್ತೇನೆ. ಆಗಸ್ಟ್ ತಿಂಗಳ ಒಂದು ಭಾನುವಾರ, ಆರು ಲ್ಯಾಪ್. ಬಿ.ಕಾಂ. ಹುಡುಗನದು ಹೀಗಿದೆ: 1 ನಿಮಿಷ 46 ಸೆಕೆಂಡ್, 46, 48, 51, 55, 58. ನಡುವಿನವನದು: 1 ನಿಮಿಷ 49, 49, 50, 49, 50, 50. ಮೊದಲ ಎರಡು ಲ್ಯಾಪ್ ನೋಡಿದವರು ಬಿ.ಕಾಂ. ಹುಡುಗನೇ ಜೋರು ಎನ್ನುತ್ತಾರೆ. ಜೋರು ಹೌದು. ಆದರೆ ಮೂರನೇ ಲ್ಯಾಪಿಗೆ ಅವನ ಮುಂಗೈ ಕಲ್ಲಿನ ಹಾಗೆ ಬಿಗಿಯುತ್ತದೆ. ಹ್ಯಾಂಡಲ್ ಹಿಡಿಯುವುದಕ್ಕೆ ಬೆರಳು ಮಾತು ಕೇಳುವುದಿಲ್ಲ. ಕ್ಲಚ್ ಅರ್ಧ ಹಿಡಿದೇ ಓಡಿಸುತ್ತಾನೆ. ಗಾಡಿ ವಾಪಸ್ ಬಂದಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ನಾಲ್ಕು ಹೆಜ್ಜೆ ದೂರಕ್ಕೇ ಬರುತ್ತದೆ. ವ್ಯಾಯಾಮ ಹೇಳಿಕೊಟ್ಟೆವು, ಹ್ಯಾಂಡಲ್ ಎತ್ತರ ಬದಲಿಸಿದೆವು, ಗ್ರಿಪ್ ಸಣ್ಣದು ಹಾಕಿದೆವು. ಅವನೂ ಎರಡು ವರ್ಷ ಒಂದು ದಿನ ತಪ್ಪಿಸದೆ ದುಡಿದ. ಸರಿಹೋಗಲಿಲ್ಲ.

ಮೋಟೋಕ್ರಾಸ್‌ನಲ್ಲಿ ಇದು ಯಾಕೆ ಅಷ್ಟು ದೊಡ್ಡದು ಎಂದರೆ, ಒಂದೇ ಓಟದಲ್ಲಿ ಆಟ ಮುಗಿಯುವುದಿಲ್ಲ. ದಿನಕ್ಕೆ ಎರಡು ಓಟ, ಅದಕ್ಕೆ ಮೋಟೊ ಎನ್ನುತ್ತಾರೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದೊಂದು ಮೋಟೊ 30 ನಿಮಿಷ, ಅದರ ಮೇಲೆ ಎರಡು ಲ್ಯಾಪ್. ಗೆದ್ದವನಿಗೆ 25 ಪಾಯಿಂಟ್, ಎರಡನೆಯವನಿಗೆ 22, ಮೂರನೆಯವನಿಗೆ 20. ಮೊದಲ ಮೋಟೊ ಗೆದ್ದು ಎರಡನೆಯದರಲ್ಲಿ ಬಿದ್ದವನ ಕೈಯಲ್ಲಿ 25 ಉಳಿಯುತ್ತದೆ. ಎರಡರಲ್ಲೂ ಮೂರನೇ ಸ್ಥಾನ ಬಂದವನ ಕೈಯಲ್ಲಿ 40. ಇಬ್ಬರ ಪಾಯಿಂಟ್ ಸಮ ಆದರೆ ಎರಡನೇ ಮೋಟೊದಲ್ಲಿ ಮುಂದಿದ್ದವನೇ ಮೇಲೆ. ದಣಿದ ಮೇಲೆ ಹುಡುಗ ಹೇಗೆ ಓಡಿಸುತ್ತಾನೆ ಎಂಬುದರ ಮೇಲೆಯೇ ಈ ಆಟ ನಿಂತಿದೆ. ಹಾಗಾಗಿ ನಡುವಿನವನು ಉಳಿದ. ಅವನ ಬಗ್ಗೆ ನಮಗೆ ಎರಡು ಮಾತು ಬರಲೇ ಇಲ್ಲ.

ಈಗ ಹಿರಿಯವನ ವಿಷಯ. ನಿಮ್ಮ ಸಿಟ್ಟೆಲ್ಲ ಇಲ್ಲೇ ಇದೆ. ಅವನು ನಮ್ಮಲ್ಲಿ ಎಲ್ಲರಿಗಿಂತ ಜೋರು, ದಣಿದಾಗಲೂ ಜೋರು. ಈ ವರ್ಷ ಗೋಡೆಗೆ ಬಂದ ಎರಡು ಕಪ್ಪೂ ಅವನವೇ. ಆದರೆ ನಮ್ಮ ಗಾಡಿ ಅವನಿಗೆ ಸಣ್ಣದಾಗಿದೆ. ಅದು ಶೋರೂಮಿನಲ್ಲಿ ಯಾರಿಗೂ ಸಿಗುವ 200 ಸಿಸಿ ಗಾಡಿ. ಲೈಟ್, ಸ್ಟ್ಯಾಂಡ್ ತೆಗೆದು, ಸಸ್ಪೆನ್ಷನ್ ಬದಲಿಸಿ ನಾವೇ ಹಗುರ ಮಾಡಿದ್ದು. ಅವನು ಈಗ ಓಡಿಸಬೇಕಾದದ್ದು ಮೋಟೋಕ್ರಾಸ್‌ಗೆಂದೇ ಕಟ್ಟಿದ ಹೊರದೇಶದ 250. ಅದನ್ನು ತರಿಸಿ ಸಾಕುವ ಶಕ್ತಿ ನಮಗಿಲ್ಲ. ಅವನಿಗೆ 24 ವಯಸ್ಸು. ಇನ್ನೊಂದು ವರ್ಷ ಇಲ್ಲೇ ಇಟ್ಟುಕೊಂಡರೆ ನಮಗೆ ಇನ್ನೆರಡು ಕಪ್ ಬರಬಹುದು, ಅವನ ಒಂದು ವರ್ಷ ಹೋಗುತ್ತದೆ.

ಈ ಆಟದಲ್ಲಿ ವಯಸ್ಸು ಎಂದರೆ ಸುಮ್ನೆ ಅಲ್ಲ. ವಿಶ್ವ ಮಟ್ಟದಲ್ಲಿ ಎಂಎಕ್ಸ್2 ಎಂಬ 250 ಸಿಸಿ ಕ್ಲಾಸಿಗೆ 23 ವರ್ಷದ ಮಿತಿ ಇದೆ. ಅದು ದಾಟಿದವನನ್ನು ಟೀಮ್ ದೊಡ್ಡ ಕ್ಲಾಸಿಗೆ ಏರಿಸಬೇಕು, ಇಲ್ಲವೇ ಬಿಡಬೇಕು. ಎಷ್ಟೋ ಟೀಮುಗಳಲ್ಲಿ ಯಾರು ಉಳಿಯುತ್ತಾರೆ ಎಂಬುದು ಈ ಒಂದು ನಿಯಮದ ಮೇಲೆಯೇ ತೀರ್ಮಾನ ಆಗುತ್ತದೆ. ನಮ್ಮ ದೇಶದಲ್ಲಿ ಆ ಮಿತಿ ಅವನನ್ನು ತಡೆಯುವುದಿಲ್ಲ, ದಾರಿಯೂ ಈಗ ಮೊದಲಿಗಿಂತ ಅಗಲ ಆಗಿದೆ. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾಗಿ ಪುಣೆ, ಅಹಮದಾಬಾದ್, ಬೆಂಗಳೂರಿನಲ್ಲಿ ಓಟ ನಡೆಯಿತು. ಅಲ್ಲಿ ಟೀಮುಗಳು ಹರಾಜಿನಲ್ಲಿ ರೈಡರ್‌ಗಳನ್ನು ಆರಿಸಿಕೊಂಡವು. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್ ಮಣ್ಣಿನ ಟ್ರ್ಯಾಕಿನಿಂದಲೇ ಬೆಳೆದವರು. ಅವರು ಮರುಭೂಮಿಯಲ್ಲಿ ದಿನಗಟ್ಟಲೆ ಓಡುವ ಡಾಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದದ್ದು 2015ರಲ್ಲಿ, ಮೂವತ್ತು ದಾಟಿದ ಮೇಲೆ. ನಮ್ಮ ಹುಡುಗನಿಗೆ ಇನ್ನೂ ಸಮಯ ಇದೆ. ಆದರೆ ಕಲಬುರಗಿಯಲ್ಲಿ ಕೂತು ಅದನ್ನು ಕಳೆಯಬಾರದು. ಪುಣೆಯ ಒಂದು ಟೀಮಿನವರು ಅವನನ್ನು ಎರಡು ದಿನ ಓಡಿಸಿ ನೋಡಿದ್ದಾರೆ. ಮಾತು ಇನ್ನೂ ಮುಗಿದಿಲ್ಲ.

"ಸಣ್ಣವನ ಕಾಲು ಸರಿಹೋಗೋವರೆಗಾದ್ರೂ ಹಿರಿಯವನನ್ನ ಇಟ್ಕೊಳ್ರಿ" ಎಂದು ಒಬ್ಬ ಕಾಕಾ ಹೇಳಿದರು. ಅದನ್ನೂ ಯೋಚಿಸಿದೆವು. ಅರ್ಧ ಸೀಸನ್ ಇಲ್ಲಿ ಓಡಿಸಿದರೆ ಅಷ್ಟರಲ್ಲಿ ಬೇರೆ ಟೀಮುಗಳಲ್ಲಿ ಜಾಗ ತುಂಬಿರುತ್ತದೆ. ಆಮೇಲೆ ಅವನನ್ನು ಗಾಡಿಯಿಂದ ಇಳಿಸಿ ಎಲ್ಲಿಗೆ ಕಳಿಸಲಿ?

ಸಣ್ಣವನನ್ನು ಯಾಕೆ ಇಟ್ಟುಕೊಂಡೆವು ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಉತ್ತರ ಇಲ್ಲ. ಅವನಿಗೆ 18. ಜೂನ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಜಂಪ್ ಹಾರಿ ಇಳಿಯುವಾಗ ಕಾಲು ಊರಿದ. ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಆಗಿದೆ. ಒಂಬತ್ತು ತಿಂಗಳು ಗಾಡಿ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಆ ದಿನ ಅವನು ಎರಡು ಸಲ ಜಂಪಿನ ಹತ್ತಿರ ಬಂದು ಥ್ರಾಟಲ್ ಬಿಟ್ಟಿದ್ದ. "ಹಾರು, ಆಗುತ್ತದೆ" ಎಂದವನು ನಾನು. ನಮ್ಮ ಗಾಡಿಯ ಮೇಲೆ, ನನ್ನ ಮಾತು ಕೇಳಿ ಬಿದ್ದ ಹುಡುಗನನ್ನು ಕಾಲು ಸರಿಹೋಗುವ ಮೊದಲೇ ಬಿಟ್ಟರೆ ಅವನ ಅವ್ವನ ಮುಂದೆ ನಾನು ಹೇಗೆ ನಿಲ್ಲಲಿ? ಡಾಕ್ಟರು ಬರೆದುಕೊಡುವವರೆಗೆ ಅವನು ರೇಸಿಗೆ ಹೋಗುವುದಿಲ್ಲ. ಅಲ್ಲಿಯವರೆಗೆ ಎರಡನೇ ಗಾಡಿ ನಡುವಿನವನಿಗೆ ಸ್ಪೇರ್ ಆಗಿ ಇರುತ್ತದೆ. ವಾಪಸ್ ಬಂದ ಮೇಲೆ ಮೊದಲಿನಂತೆ ಓಡಿಸುತ್ತಾನೋ ಇಲ್ಲವೋ ಹೇಳಲಾರೆ. ಅವನ ಜಾಗ ಮಾತ್ರ ಅವನದೇ.

ದಸರಾಕ್ಕೆ ಮೊದಲೇ ಇದನ್ನೆಲ್ಲ ಯಾಕೆ ಮುಗಿಸಿದೆವು ಎಂದೂ ಕೇಳಿದಿರಿ. ನನಗೆ 22 ಇದ್ದಾಗ ನಾನೂ ಬೇರೆ ಊರಿನ ಒಂದು ಟೀಮಿಗೆ ಓಡಿಸುತ್ತಿದ್ದೆ. ಸೀಸನ್ ಶುರುವಾಗಲು ಒಂದು ವಾರ ಇತ್ತು. ಬೂಟು, ಹೆಲ್ಮೆಟ್ ಚೀಲಕ್ಕೆ ತುಂಬಿಕೊಂಡು ಇಲ್ಲಿನ ಬಸ್ ಸ್ಟ್ಯಾಂಡಿಗೆ ಬಂದೆ. ಯಾವ ಬಸ್ಸಿಗೆ ಬರಲಿ ಎಂದು ಕೇಳಲು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. "ಈ ಸಲ ಬೇರೆ ಹುಡುಗನ್ನ ತಗೊಂಡೀವಿ, ನಿನಗೆ ಯಾರೂ ಹೇಳಲಿಲ್ವಾ?" ಎಂದರು. ಅಷ್ಟೇ. ಆ ಹೊತ್ತಿಗೆ ಎಲ್ಲ ಕಡೆ ಜಾಗ ತುಂಬಿತ್ತು. ಆ ವರ್ಷ ನಾನು ಒಂದು ರೇಸೂ ಓಡಿಸಲಿಲ್ಲ, ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಬೇಡ ಎಂದದ್ದಕ್ಕೆ ನನಗೆ ಇವತ್ತೂ ಬೇಜಾರಿಲ್ಲ. ಎರಡು ತಿಂಗಳು ಮೊದಲು ಹೇಳಿದ್ದರೆ ಬೇರೆ ಕಡೆ ಕೇಳುತ್ತಿದ್ದೆ.

ದೊಡ್ಡ ಟೀಮುಗಳಲ್ಲೂ ಹೀಗಾಗುತ್ತದೆ. 2017ರ ಸೀಸನ್ ಮುಗಿದ ಮೇಲೆ ಸುಜುಕಿ ಕಂಪನಿ ವಿಶ್ವ ಮೋಟೋಕ್ರಾಸ್‌ನಿಂದ ತನ್ನ ಟೀಮನ್ನೇ ತೆಗೆಯಿತು. ಆ ವರ್ಷ ಎಂಎಕ್ಸ್2ನಲ್ಲಿ ಎರಡನೇ ಸ್ಥಾನ ಪಡೆದ ಜೆರೆಮಿ ಸೀವರ್ ಕೂಡ ಬೇರೆ ಟೀಮ್ ನೋಡಿಕೊಳ್ಳಬೇಕಾಯಿತು. ಅವರಿಗೆ ಯಮಹಾ ಟೀಮಿನಲ್ಲಿ ಜಾಗ ಸಿಕ್ಕಿತು. ನಮ್ಮ ಹುಡುಗರಿಗೆ ಯಾರು ಹಾಗೆ ಕರೆದು ಕೊಡುತ್ತಾರೆ? ಅದಕ್ಕೇ ಇನ್ನು ಮುಂದೆ ಪ್ರತಿ ವರ್ಷ ದಸರಾಕ್ಕೆ ಮೊದಲೇ, ಎದುರಿಗೆ ಕೂಡಿಸಿಕೊಂಡು ಹೇಳುತ್ತೇವೆ. ಬಿಟ್ಟ ಹುಡುಗನ ಲ್ಯಾಪ್ ಟೈಮ್ ಬರೆದು ಸಹಿ ಮಾಡಿ ಕೈಗೆ ಕೊಡುತ್ತೇವೆ. ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡ್ ಅವನಿಗೇ ಇರಲಿ.

ಬಿ.ಕಾಂ. ಹುಡುಗನಿಗೆ ನಾನೇ ಹೇಳಿದೆ. ಸಂಜೆ ಗ್ಯಾರೇಜ್ ಖಾಲಿ ಆದ ಮೇಲೆ, ಚಹಾ ತರಿಸಿ. ನೋಟ್‌ಬುಕ್ ತೆಗೆದು ಇಟ್ಟೆ. ಅವನು ಪುಟ ತಿರುವಲಿಲ್ಲ. "ಗೊತ್ತಿತ್ತು ಅಣ್ಣಾ" ಎಂದ. ಚಹಾ ಆರುವವರೆಗೆ ಕೂತಿದ್ದ. ಆಮೇಲೆ ತಾನು ಅರ್ಧ ಬಿಚ್ಚಿಟ್ಟಿದ್ದ ಚೈನ್ ಜೋಡಿಸಿ, ಬಿಗಿ ನೋಡಿ, ಕೈ ತೊಳೆದು ಹೋದ. ನಮ್ಮಲ್ಲೇ ಕೆಲಸಕ್ಕೆ ಬಾ ಎಂದು ಮರುದಿನ ಹೇಳಿ ಕಳಿಸಿದೆ. ಉತ್ತರ ಬಂದಿಲ್ಲ. ಆಯುಧ ಪೂಜೆಗೆ ಗಾಡಿಗಳಿಗೆ ಚೆಂಡು ಹೂ ಕಟ್ಟುವುದು ಪ್ರತಿ ವರ್ಷ ಅವನ ಕೆಲಸ. ಈ ಸಲ ಬರಲಿಲ್ಲ. ಮರುದಿನ ಬನ್ನಿ ಕೊಡಲು ಮೂವರೇ ಬಂದರು, ಸಣ್ಣವನು ಕೋಲು ಊರಿಕೊಂಡು.

ಸೂಪರ್ ಮಾರ್ಕೆಟ್ ಕಡೆ, ಕಾಲೇಜಿನ ಹತ್ತಿರ ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ ಮೊದಲಿನ ಹಾಗೇ ಮಾತಾಡಿಸಿ. ರೇಸಿನ ಮಾತು ಎತ್ತಬೇಡಿ, "ಅವರು ಹಾಗೆ ಮಾಡಬಾರದಿತ್ತು" ಎಂದೂ ಹೇಳಬೇಡಿ. ನಿಮ್ಮ ಗಾಡಿಯ ಕಾರ್ಬೊರೇಟರ್ ಅವನಷ್ಟು ಚೆಂದ ಯಾರೂ ಟ್ಯೂನ್ ಮಾಡುವುದಿಲ್ಲ ಎಂಬುದು ನಿಮಗೂ ಗೊತ್ತು. ಅದನ್ನು ಹೇಳಿ.

ಇನ್ನು ಲೆಕ್ಕದ ಮಾತು. ನಾಲ್ವರಿಗೆಂದು ತಗೊಂಡು ಇಬ್ಬರಿಗೆ ಖರ್ಚು ಮಾಡುವುದು ಸರಿಯಲ್ಲ, ಅದಕ್ಕೇ 30 ರೂಪಾಯಿ ನಿಲ್ಲಿಸಿದ್ದು. ಇಬ್ಬರ ಖರ್ಚನ್ನು ಗ್ಯಾರೇಜಿನ ಗಳಿಕೆಯಲ್ಲೇ ತೂಗಿಸುತ್ತೇವೆ, ಸರ್ವಿಸ್ ರೇಟ್ ಏರಿಸುವುದಿಲ್ಲ. ಇದುವರೆಗೆ ಕೂಡಿದ ದುಡ್ಡಿನಲ್ಲಿ ಉಳಿದದ್ದು ಸಣ್ಣವನ ಫಿಸಿಯೋಥೆರಪಿಗೆ ಹೋಗುತ್ತದೆ. ಬೇಡ ಎನ್ನುವವರು ದೀಪಾವಳಿಯ ಒಳಗೆ ಹಳೆಯ ಬಿಲ್ ತಂದರೆ, ಈ ವರ್ಷ ಕೊಟ್ಟಷ್ಟನ್ನೂ ವಾಪಸ್ ಕೊಡುತ್ತೇವೆ, ಯಾಕೆ ಎಂದು ಕೇಳುವುದಿಲ್ಲ. ಲೆಕ್ಕದ ಪುಸ್ತಕ ಕೌಂಟರಿನ ಮೇಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು.

ಪ್ರಾಕ್ಟೀಸಿಗೆ ಇನ್ನು ಒಬ್ಬ ಮಿಸ್ತ್ರಿ ಹೋದರೆ ಸಾಕು. ಹಾಗಾಗಿ ಭಾನುವಾರವೂ ಬೆಳಿಗ್ಗೆ 7ರಿಂದ 12ರವರೆಗೆ ಗ್ಯಾರೇಜ್ ತೆರೆದಿರುತ್ತದೆ. ತೊಗರಿ ರಾಶಿ ಶುರುವಾಗುವ ಮೊದಲು ಹಳ್ಳಿಗೆ ಓಡಾಡುವ ಗಾಡಿಗಳ ಫಿಲ್ಟರ್, ಚೈನ್ ಒಮ್ಮೆ ತೋರಿಸಿಕೊಂಡು ಹೋಗಿ.

ಇಂತಿ ನಿಮ್ಮವ,
ಹುಮನಾಬಾದ್ ರಿಂಗ್ ರೋಡಿನ ನಿಮ್ಮ ಗ್ಯಾರೇಜಿನಿಂದ